ರತ್ನಮ್ಮ ಕುಕ್ಕರುಗಾಲಿನಲ್ಲಿ ಕುಳಿತ ದಿನ

1974ರಲ್ಲಿ ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಲೇಡಿ ಹೆಲ್ತ್ ವಿಸಿಟರ್ ಆಗಿದ್ದೆ. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ನರ್ಸ್‌ಗಳ ಮೇಲ್ವಿಚಾರಣೆ, ಗರ್ಭಿಣಿಯರ ಮನೆಗೆ ಹೋಗಿ ವಿಚಾರಿಸುವುದು ನನ್ನ ಹೊಣೆ. ಊರು ಹಿರಿಯೂರು, ವಯಸ್ಸು ಇಪ್ಪತ್ತೆಂಟು. ಚಿತ್ರದುರ್ಗದಲ್ಲಿ ತರಬೇತಿಯಲ್ಲಿದ್ದಾಗ ಬಾಡಿಗೆ ಮನೆಯ ಒಡತಿಯಿಂದ ಎರಡು ವರ್ಷ ಯೋಗಾಸನ ಕಲಿತಿದ್ದೆ. ಆ ಹುರುಪಿನಲ್ಲಿ, ಪ್ರತಿ ಮಂಗಳವಾರ ಗರ್ಭಿಣಿಯರಿಗೆ ಸರಳ ಆಸನ ಮತ್ತು ಉಸಿರಾಟ ಹೇಳಿಕೊಡುತ್ತೇನೆಂದು ವೈದ್ಯಾಧಿಕಾರಿಗಳನ್ನು ಕೇಳಿದೆ.

"ಮಾಡಮ್ಮ. ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಮಾತ್ರ ನನ್ನ ಹೆಸರು ಹೇಳಬೇಡ," ಎಂದರು.

ಮೂರು ಮಂಗಳವಾರ ಜಮಖಾನೆಯ ಮೇಲೆ ಒಬ್ಬಳೇ ಕೂತಿದ್ದೆ. ಅದನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮದೇ ಕೇಂದ್ರದ ನರ್ಸ್ ರತ್ನಮ್ಮ. "ಬಸರಿ ಹೆಂಗಸ್ರು ಮನ್ಯಾಗೆ ಬಗ್ಗಿ ಎದ್ದು ಸಾಯ್ತಿರ್ತಾರೆ. ನಿಮ್ ಹತ್ರ ಬ್ಯಾರೆ ಬಂದು ಬಗ್ತಾರಾ ಮೇಡಂ?"

ರತ್ನಮ್ಮನಿಗೆ ನಲವತ್ತೊಂದು ವರ್ಷ. ಗಂಡ ತೀರಿಕೊಂಡಿದ್ದರು, ಮಗಳು ಹೊಳಲ್ಕೆರೆ ಹೈಸ್ಕೂಲಿನಲ್ಲಿದ್ದಳು. ಹದಿನಾಲ್ಕು ವರ್ಷದ ಅನುಭವ. ಅವರ ಕೈಗುಣಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ಆದರೆ ಹೆರಿಗೆಯಾದ ಮನೆಯವರು ಕೊಟ್ಟ ಹೋಳಿಗೆ, ಪಾಯಸ ಯಾವುದಕ್ಕೂ ಬೇಡ ಎನ್ನಲು ಬಾರದು. ಎತ್ತರ ಐದಡಿ, ತೂಕ ತೊಂಬತ್ತನಾಲ್ಕು ಕಿಲೊ. ಮಂಡಿಗಳು ಸೋತಿದ್ದವು.

ಜೂನ್‌ನಲ್ಲಿ ಒಂದು ಕುರಿಗಾರರ ಹಟ್ಟಿಗೆ ಹೆರಿಗೆಗೆ ಹೋದರು. ಆ ಹಟ್ಟಿಯಲ್ಲಿ ಹೆರಿಗೆ ಆಗುತ್ತಿದ್ದುದು ಊರಾಚೆಯ ಪುಟ್ಟ ಗುಡಿಸಲಿನಲ್ಲಿ. ಬಾಗಿಲು ಸೊಂಟದೆತ್ತರ, ಮೈಲಿಗೆಯೆಂದು ಮನೆಯವರು ಒಳಗೆ ಕಾಲಿಡುತ್ತಿರಲಿಲ್ಲ. ರತ್ನಮ್ಮ ತೆವಳಿಕೊಂಡೇ ಒಳಗೆ ಹೋಗಿ ಹೆರಿಗೆ ಮಾಡಿಸಿದರು. ಮಗು ಚೆನ್ನಾಗಿತ್ತು. ಏಳಲು ಹೋದರೆ ಮಂಡಿ ಮೇಲೇಳಲಿಲ್ಲ. ಒಂದು ಗಂಟೆ ಹಾಗೇ ಕೂತಿದ್ದರು. ಕೊನೆಗೆ ಆಗಷ್ಟೇ ಹೆತ್ತಿದ್ದ ಹುಡುಗಿಯೇ ಕೈಕೊಟ್ಟು ಎಬ್ಬಿಸಿದಳು.

ಮಾರನೇ ದಿನ ಹಟ್ಟಿಯ ಯಜಮಾನರು ಕೇಂದ್ರಕ್ಕೆ ಬಂದರು. "ಹೆತ್ತೋಳೇ ನರ್ಸಮ್ಮನ್ನ ಎಬ್ಬಿಸಂಗಾತು ಡಾಕ್ಟ್ರೇ. ಇನ್ಮ್ಯಾಲೆ ಈಯಮ್ಮನ್ನ ನಮ್ ಹಟ್ಟಿಗೆ ಕಳಿಸ್ಬ್ಯಾಡ್ರಿ."

ವೈದ್ಯಾಧಿಕಾರಿಗಳು ರತ್ನಮ್ಮನನ್ನು ಕರೆದು, ಡಿಸೆಂಬರ್ ಕೊನೆಯೊಳಗೆ ಸುಧಾರಿಸದಿದ್ದರೆ ಹಳ್ಳಿ ಕೆಲಸದಿಂದ ಬಿಡಿಸಿ ಬೇರೆ ಜಿಲ್ಲೆಯ ಆಸ್ಪತ್ರೆಗೆ ವರ್ಗ ಮಾಡಲು ಬರೆಯುವುದಾಗಿ ತಿಳಿಸಿದರು. ಮಗಳಿಗೆ ಅದು ಎಸ್ಸೆಸ್ಸೆಲ್ಸಿ ವರ್ಷ.

ಆ ಸಂಜೆ ರತ್ನಮ್ಮ ನನ್ನ ಜಮಖಾನೆಯ ಅಂಚಿನಲ್ಲಿ ಬಂದು ನಿಂತರು. "ನಕ್ಕಿದ್ದು ತೆಪ್ಪಾತು ಮೇಡಂ. ನೆಲದ ಮ್ಯಾಲಿಂದ ಏಳದು ಒಂದು ಕಲಿಸ್ರಿ. ಬ್ಯಾರೆ ಏನೂ ಬ್ಯಾಡ."

ಮೊದಲ ತಿಂಗಳು ಆಸನದ ಹೆಸರೇ ಎತ್ತಲಿಲ್ಲ. ಸ್ಟೂಲಿನ ಮೇಲೆ ಕೂತು, ಕೈ ಊರದೆ ಏಳುವುದು, ಹತ್ತು ಸಲ. ಆಮೇಲೆ ಸ್ಟೂಲಿನ ಬದಲು ಇಟ್ಟಿಗೆಯ ಜೋಡಣೆ. ಅಭ್ಯಾಸವಾದಂತೆ ಮೇಲಿನಿಂದ ಇಟ್ಟಿಗೆಯ ಒಂದೊಂದೇ ವರಸೆ ತೆಗೆದು ಎತ್ತರ ತಗ್ಗಿಸುವುದು. ಜೊತೆಗೆ ನೇರ ನಿಂತು ಮೈ ಎಳೆಯುವ ತಾಡಾಸನ, ಕೈಮಂಡಿ ಊರಿ ಬೆಕ್ಕಿನಂತೆ ಬೆನ್ನು ಬಾಗಿಸುವ ಮಾರ್ಜಾಲಾಸನ, ನಿಧಾನದ ಉಸಿರು. ಬಸ್ಸಿನಿಂದ ಎರಡು ಮೈಲಿ ಮುಂಚೆಯೇ ಇಳಿದು ನಡೆಯುವುದು. ಸಿಹಿ ಕೊಟ್ಟರೆ ಬೇಡ ಎನ್ನುವಂತಿಲ್ಲ. ಒಂದು ಚಿಟಿಕೆ ಬಾಯಿಗೆ, ಉಳಿದದ್ದು ಆ ಮನೆಯ ಮಕ್ಕಳಿಗೆ.

ಆಗಸ್ಟ್‌ನಲ್ಲಿ ಎಡ ಮಂಡಿ ಊದಿಕೊಂಡಿತು. ಹತ್ತು ದಿನ ಅವರು ನನ್ನ ಕಡೆ ಸುಳಿಯಲಿಲ್ಲ. ತಪ್ಪು ನನ್ನದು: ಬೇಗ ಫಲ ಕಾಣುವ ಆಸೆಗೆ ಒಂದೇ ವಾರದಲ್ಲಿ ಎರಡು ವರಸೆ ತೆಗೆದಿದ್ದೆ. ಮನೆಗೆ ಹೋಗಿ ಹಾಗೆಂದು ಒಪ್ಪಿಕೊಂಡೆ. ಎರಡನ್ನೂ ಮತ್ತೆ ಇಟ್ಟು ಮೊದಲಿನಿಂದ ಹೊರಟೆವು. ನವೆಂಬರ್ ಕೊನೆಗೆ ಇಟ್ಟಿಗೆಗಳೇ ಬೇಕಿರಲಿಲ್ಲ. ಅಡಿಕೆ ಮಂಡಿಯ ತಕ್ಕಡಿಯಲ್ಲಿ ತೂಗಿಸಿದಾಗ ಎಂಬತ್ತೊಂದು ಕಿಲೊ.

ಡಿಸೆಂಬರ್‌ನ ಒಂದು ಬೆಳಿಗ್ಗೆ ಅದೇ ಹಟ್ಟಿಯ ಯಜಮಾನರು ಗಾಡಿ ಕಟ್ಟಿಕೊಂಡು ಧಾವಿಸಿ ಬಂದರು. ಸೊಸೆ ಗಿರಿಯಮ್ಮನಿಗೆ ಚೊಚ್ಚಲ ಹೆರಿಗೆ; ಹಿಂದಿನ ದಿನದಿಂದ ನೋವು. ಡಾಕ್ಟರು ಮೀಟಿಂಗಿಗೆ ಚಿತ್ರದುರ್ಗಕ್ಕೆ ಹೋಗಿದ್ದರು. ರತ್ನಮ್ಮನನ್ನು ಕಂಡು ಯಜಮಾನರ ಮುಖ ಸಣ್ಣಗಾಯಿತು.

"ಬ್ಯಾರೆ ಯಾರೂ ಇಲ್ವೇನ್ರಮ್ಮ?"

ನಾನು ಬಾಯಿ ತೆರೆಯುವ ಮೊದಲೇ ರತ್ನಮ್ಮ ಹೆರಿಗೆ ಪೆಟ್ಟಿಗೆ ಎತ್ತಿಕೊಂಡಿದ್ದರು. "ಗಾಡಿ ಎಲ್ಲೈತೆ? ಹೋಗಾಣ ನಡೀರಿ."

ಗುಡಿಸಲಿಗೆ ಅವರು ಬಗ್ಗಿ, ಸರಾಗವಾಗಿ ಹೊಕ್ಕರು. ಒಳಗೆ ಇಬ್ಬರಿಗಷ್ಟೇ ಜಾಗ. ನಾನು ಬಾಗಿಲಲ್ಲೇ ಬಗ್ಗಿ ನಿಂತು ಬೇಕಾದ್ದನ್ನು ಕೊಡುತ್ತಿದ್ದೆ. ಗಿರಿಯಮ್ಮ ಸೋತು ಮಲಗಿದ್ದಳು. ರತ್ನಮ್ಮ ಅವಳನ್ನು ಎಬ್ಬಿಸಿ, ನಡುಗಂಬ ಹಿಡಿಸಿ ಕುಕ್ಕರುಗಾಲಿನಲ್ಲಿ ಕೂರಿಸಿದರು. ತಾವೂ ಎದುರಿಗೆ ಹಾಗೇ ಕುಳಿತರು.

"ನನ್ ಮಖ ನೋಡವ್ವ. ನಾ ಉಸ್ರು ಬಿಟ್ಟಂಗೆ ಬಿಡು. ಹಾಂ, ಹಂಗೆ."

ಮುಕ್ಕಾಲು ಗಂಟೆ ಇಬ್ಬರೂ ಒಂದೇ ಉಸಿರಿನಲ್ಲಿದ್ದರು. ಮಗುವಿನ ತಲೆ ಕಂಡಿತು. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿತ್ತು. ರತ್ನಮ್ಮನ ಬೆರಳು ಅದನ್ನು ಮೆಲ್ಲಗೆ ಜಾರಿಸಿತು. ಮಗು ಹೊರಬಂತು. ಅಳಲಿಲ್ಲ. ರತ್ನಮ್ಮ ಅದರ ಬಾಯಿ ಒರೆಸಿ, ಬೆನ್ನು ತಿಕ್ಕಿ, ಪುಟ್ಟ ಬಾಯಿ ಮೂಗಿಗೆ ತಮ್ಮ ಬಾಯಿಯಿಟ್ಟು ಸಣ್ಣ ಸಣ್ಣ ಉಸಿರು ತುಂಬಿದರು.

ಮಗು ಕಿಟಾರನೆ ಕಿರುಚಿತು.

"ಹೆಣ್ಣು ಕಣ್ರಿ ಯಜಮಾನ್ರೆ! ಗಟ್ಟಿಗಿತ್ತಿ!" ಎಂದು ರತ್ನಮ್ಮ ಒಳಗಿಂದಲೇ ಕೂಗಿದರು. ತಾಯಿಯ ಆರೈಕೆ ಮುಗಿಸಿ, ಮಗುವನ್ನು ಅವಳ ಎದೆಗೆ ಕೊಟ್ಟು, ಗೋಡೆ ಮುಟ್ಟದೆ, ಕೈ ಊರದೆ ಎದ್ದು ಹೊರಬಂದರು. ಯಜಮಾನರು ಕಣ್ಣೊರೆಸಿಕೊಂಡು ತಮ್ಮ ಕಂಬಳಿ ಹಾಸಿದರು. "ಕುಂತ್ಕಳ್ರಿ ನರ್ಸಮ್ಮ."

"ಕುಂತಿದ್ದು ಸಾಕು, ಸ್ವಲ್ಪ ನಿಂತ್ಕಂತೀನಿ," ಎಂದರು ರತ್ನಮ್ಮ. ಹಟ್ಟಿಯೇ ನಕ್ಕಿತು.

ವೈದ್ಯಾಧಿಕಾರಿಗಳು ವರ್ಗದ ಪತ್ರ ಬರೆಯಲೇ ಇಲ್ಲ. ಮುಂದಿನ ಮಂಗಳವಾರ ಒಂಬತ್ತು ಜನ ಗರ್ಭಿಣಿಯರು ಬಂದರು: ಆ ಹಟ್ಟಿಯವರು, ಪೇಟೆಯ ಬಟ್ಟೆ ಅಂಗಡಿ ಸಾಹೇಬರ ಸೊಸೆ, ಒಬ್ಬ ಮೇಷ್ಟ್ರ ಹೆಂಡತಿ. ತರಗತಿ ನಡೆಸಿದವರು ರತ್ನಮ್ಮ. ನಾನು ಹಿಂದಿನ ಸಾಲಿನಲ್ಲಿ ಕೂತು ನೋಡಿದೆ, ಹೆಮ್ಮೆಯಿಂದ.

ಮಗುವನ್ನು ಉಳಿಸಿದ್ದು ಆಸನವಲ್ಲ, ಹದಿನಾಲ್ಕು ವರ್ಷ ಪಳಗಿದ ಕೈ. ಆದರೆ ಆ ಕೈ ಮಗುವಿದ್ದ ನೆಲದವರೆಗೆ ಇಳಿಯಲು ಆಸನ ಬೇಕಾಯಿತು. ತಾಯಂದಿರ ಆರೋಗ್ಯ ನೋಡುವವರ ಆರೋಗ್ಯವನ್ನು ಯಾರೂ ನೋಡುವುದಿಲ್ಲ, ನಾನೂ ನೋಡಿರಲಿಲ್ಲ. ಅಲ್ಲಿಂದ ಮುಂದೆ ಯಾವ ಊರಿಗೆ ವರ್ಗವಾಗಿ ಹೋದರೂ, ರಿಜಿಸ್ಟರ್ ತೆರೆಯುವ ಮುಂಚೆ ಅಲ್ಲಿನ ನರ್ಸ್‌ಗಳನ್ನು ಒಂದು ಮಾತು ಕೇಳುತ್ತಿದ್ದೆ: "ನಿಮ್ಮ ಮಂಡಿ ಹೇಗಿದೆಯಮ್ಮಾ?"