ವೈನಿಯ ದ್ರಾಕ್ಷಿ ಟೋಸ್ಟು

ಬೆಳಿಗ್ಗೆ ಫ್ರಿಜ್ಜು ತೆರೆದರೆ ಹಾಲಿನ ಪಾಕೀಟು ಇಡಲು ಜಾಗವಿರಲಿಲ್ಲ. ಎರಡು ಖಾನೆಗಳ ತುಂಬ ದ್ರಾಕ್ಷಿ. ನಾಶಿಕದಲ್ಲಿ ಶಿವರಾತ್ರಿಯ ಆಜುಬಾಜು ಎಲ್ಲರ ಮನೆಯ ಕಥೆಯೂ ಇದೇ. ಪಕ್ಕದ ಮನೆಯವರ ಮಾವನ ತೋಟ, ಮೇಲಿನ ಮನೆಯವರ ಭಾವನ ತೋಟ, ಹಾಲಿನವನ ಸ್ವಂತ ತೋಟ. ಎಲ್ಲರೂ ಪ್ರೀತಿಯಿಂದ ಒಂದೊಂದು ಪೆಟ್ಟಿಗೆ ತಂದಿಟ್ಟು ಹೋಗುತ್ತಾರೆ. ಬೇಡ ಎಂದರೆ ಬೇಸರ, ತಿನ್ನುತ್ತ ಹೋದರೆ ಹೊಟ್ಟೆ ಕೆಡುತ್ತದೆ. ದ್ರಾಕ್ಷಿಯ ಹಿಂದೆ ಚೀಸಿನ ಡಬ್ಬಿ ಅಡಗಿ ಕೂತಿತ್ತು. ಅದನ್ನು ನೋಡಿದ್ದೇ ನನ್ನ ಚಿಂತೆ ಅರ್ಧ ಇಳಿಯಿತು.

ಚಿಂತೆ ಏನೆಂದರೆ, ಸಂಜೆ ನನ್ನ ಬ್ಯಾಂಕಿನ ಶಾಖೆಯವರು ಊಟಕ್ಕೆ ಬರುವವರಿದ್ದರು. ಕರೆದವನು ನಾನೇ. ಕರೆದ ಮೇಲೆ ನೆನಪಾದದ್ದು, ಹೆಂಡತಿ ತನ್ನ ತಂಗಿಯ ಸೀಮಂತಕ್ಕೆ, ನಮ್ಮ ಕಡೆಯ ಕುಬಸಕ್ಕೆಂದು, ಕಲಬುರಗಿಗೆ ಹೋಗಿದ್ದಾಳೆ ಎಂಬುದು. ಫೋನಿನಲ್ಲಿ ಹೇಳಿದಾಗ ಆಕೆ ಬಯ್ಯಲಿಲ್ಲ. "ಟೋಸ್ಟ್ ಅಂತೂ ನಿಮಗ ಬರ್ತದಲ್ಲ" ಎಂದಳು. ಬಯ್ದಿದ್ದರೇ ಚೆನ್ನಾಗಿತ್ತು. ಕಾಲೇಜಿಗೆ ಹೋಗುವ ಮಗಳು ಮಾತ್ರ ಧೈರ್ಯವಾಗಿ "ಅನ್ನ ಸಾರು ನಾ ಕರತೀನಿ, ಬಾಬಾ" ಎಂದು ತನ್ನ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೊಣೆ ಹೊತ್ತಳು. ಅವಳು ಸಾರು ಮಾಡಿದ್ದನ್ನು ನಾನು ಈವರೆಗೆ ಕಂಡವನಲ್ಲ.

ಟೋಸ್ಟ್ ಅಂತೂ ನನಗೆ ಬರುತ್ತದೆ. ನಿಮಗೂ ಹೇಳಿಬಿಡುತ್ತೇನೆ, ಅದರಲ್ಲಿ ಗುಟ್ಟೇನೂ ಇಲ್ಲ. ಬ್ರೆಡ್ಡಿನ ಅಂಚು ತೆಗೆದು ನಾಲ್ಕು ಚೌಕ ಮಾಡಿ, ಸಣ್ಣ ಉರಿಯಲ್ಲಿ ಸ್ವಲ್ಪ ತುಪ್ಪ ಹಾಕಿ, ಎರಡೂ ಕಡೆ ಕೆಂಪಗೆ ಸುಡುವುದು. ಬಿಸಿ ಇರುವಾಗಲೇ ಮೇಲೆ ತೆಳುವಾದ ಚೀಸಿನ ತುಂಡು. ಅದು ಮೆತ್ತಗಾಗುತ್ತಿದ್ದಂತೆ ಉದ್ದಕ್ಕೆ ಸೀಳಿದ ದ್ರಾಕ್ಷಿ. ಒಂದು ಹನಿ ಜೇನು, ಒಂದು ಚಿಟಿಕೆ ಮೆಣಸಿನ ಪುಡಿ. ಅಷ್ಟೇ. ದ್ರಾಕ್ಷಿ ಇಲ್ಲದ ಕಾಲದಲ್ಲಿ ದಾಳಿಂಬೆ ಕಾಳು ನಡೆಯುತ್ತದೆ, ಪೇರಲ ಹಣ್ಣೂ ನಡೆಯುತ್ತದೆ. ಸೀತಾಫಲ ಮಾತ್ರ ನಡೆಯುವುದಿಲ್ಲ. ಒಮ್ಮೆ ಹುರುಪಿನಲ್ಲಿ ಮಾಡಿ, ಬಂದವರೆಲ್ಲ ಮಾತು ನಿಲ್ಲಿಸಿ ಬೀಜ ಉಗುಳುತ್ತ ಕೂತಿದ್ದನ್ನು ನೋಡಿ ಬುದ್ಧಿ ಕಲಿತಿದ್ದೇನೆ.

ಇದನ್ನು ನಾನು ನೋಡಿದ್ದು ನಾಶಿಕದ ಒಂದು ಪಾರ್ಟಿಯಲ್ಲಿ. ಊಟಕ್ಕೆ ಮೊದಲು ತಟ್ಟೆಯಲ್ಲಿಟ್ಟು ತಿರುಗಿಸುತ್ತಿದ್ದರು. ಹಸಿವು ಹೆಚ್ಚಿಸಲಿಕ್ಕೆ ತಿನ್ನುವುದಂತೆ. ಹಸಿದು ಬಂದವನಿಗೆ ಇನ್ನಷ್ಟು ಹಸಿವು ಮಾಡಿಸುವ ಈ ಪದ್ಧತಿ ನಮ್ಮ ಬೀದರ ಕಡೆಯವರ ತಲೆಗೆ ಹೋಗುವುದು ಕಷ್ಟ. ನಮ್ಮಲ್ಲಿ ಬಂದವರ ಹಸಿವನ್ನು ಆದಷ್ಟು ಬೇಗ ಮುಗಿಸಿಬಿಡಬೇಕು. ಆದರೂ ಈ ತಿಂಡಿ ನಮ್ಮ ಮನೆತನದೊಳಗೆ ಬಂದು ನೆಲೆ ನಿಂತಿದೆ. ತಂದವನು ನಾನು, ನೆಲೆ ನಿಲ್ಲಿಸಿದವರು ನಮ್ಮ ವೈನಿ, ಎಂದರೆ ಅಣ್ಣನ ಹೆಂಡತಿ.

ಅಣ್ಣ ಚಿಕಲಠಾಣಾದ ಒಂದು ಕಾರಖಾನೆಯಲ್ಲಿದ್ದಾನೆ. ಮನೆ ಸಂಭಾಜಿನಗರದಲ್ಲಿ, ಮೊದಲಿನ ಔರಂಗಾಬಾದಿನಲ್ಲಿ. ಬೀದರ, ಕಲಬುರಗಿ ಕಡೆಯ ನಮ್ಮ ನೆಂಟರು ಎಲ್ಲೋರಾ ಪಕ್ಕದ ವೇರೂಳದ ಜ್ಯೋತಿರ್ಲಿಂಗಕ್ಕೆ ಬಂದರೆ ಅವನ ಮನೆಯಲ್ಲಿ ಉಳಿಯುತ್ತಾರೆ. ಅಲ್ಲಿಂದ ತ್ರ್ಯಂಬಕೇಶ್ವರಕ್ಕೆ ಹೊರಟರೆ ನನ್ನ ಮನೆಯಲ್ಲಿ. ಹೀಗೆ ಎರಡು ಜ್ಯೋತಿರ್ಲಿಂಗಗಳನ್ನು ಅಣ್ಣತಮ್ಮಂದಿರು ಹಂಚಿಕೊಂಡಿದ್ದೇವೆ. ನನ್ನ ಮನೆಯಲ್ಲಿ ಉಂಡವರು ಸುಮ್ಮನೆ ಕೈ ತೊಳೆಯುತ್ತಾರೆ. ವೈನಿಯ ಮನೆಯಲ್ಲಿ ಉಂಡವರು ಊರಿಗೆ ಹೋಗಿ ಹೇಳುತ್ತಾರೆ.

ವೈನಿ ಭಾಲ್ಕಿ ಕಡೆಯವರು. ಮೈದುನನಾದ ನನಗೂ 'ರಿ' ಹಚ್ಚಿಯೇ ಮಾತಾಡುತ್ತಾರೆ. ಅವರು ಅಡುಗೆ ಮಾಡುವಾಗ ಎಂದೂ ರುಚಿ ನೋಡಿದವರಲ್ಲ. ದೇವರಮನೆಯ ಜಗಲಿಗೆ ಎಡೆ ಹಿಡಿಯುವ ಮೊದಲು ಬಾಯಿಗೆ ಹಚ್ಚಿದರೆ ಎಂಜಲು. ಅವರ ತವರಿನಲ್ಲಿ ಎಲ್ಲರೂ ಹಾಗೇ. ಹಾಗಾದರೆ ಉಪ್ಪು ಗೊತ್ತಾಗುವುದು ಹೇಗೆ? ಕುದಿಯುವ ಸಾರಿನ ಮೇಲೆ ಬಾಗಿ, ಹಬೆಯನ್ನು ಅಂಗೈಯಿಂದ ಮೂಗಿನ ಕಡೆ ಎಳೆದುಕೊಳ್ಳುತ್ತಿದ್ದರು. ಒಂದು ಗಳಿಗೆ ನಿಂತು, "ಇನ್ನ ಒಂದು ಚಿಟಿಕಿ" ಎನ್ನುತ್ತಿದ್ದರು. ಉಪ್ಪಿಗೆ ವಾಸನೆ ಎಲ್ಲಿರುತ್ತದೆ ಎಂದು ನಾನೊಮ್ಮೆ ವಾದಕ್ಕೆ ಇಳಿದಿದ್ದೆ.

"ಉಪ್ಪಿಗಿ ಇರಂಗಿಲ್ರಿ. ಉಪ್ಪು ಬಿದ್ದ ಮ್ಯಾಲ ಸಾರಿನ ವಾಸನಿ ಬದಲಾಗ್ತದ" ಎಂದರು. ನಾನು ಬಾಗಿ ಎಳೆದುಕೊಂಡು ನೋಡಿದೆ. ಕನ್ನಡಕ ಮಬ್ಬಾದದ್ದೊಂದೇ ಗೊತ್ತಾಯಿತು.

ಆಮೇಲೆ ಆ ಜ್ವರದ ಕಾಲ ಬಂತು. ಎಲ್ಲರಿಗೂ ಬಂದಿತ್ತು, ಎಲ್ಲರ ಮೂಗೂ ಕೆಲವು ದಿನ ಕೈಕೊಟ್ಟಿತ್ತು, ಹೆಚ್ಚಿನವರದು ಸರಿಯಾಯಿತು. ಅದಾಗಿ ಎಷ್ಟೋ ತಿಂಗಳ ಮೇಲೆ ನಾನು ಅಣ್ಣನ ಮನೆಗೆ ಹೋಗಿದ್ದೆ. ಅಣ್ಣ ಡ್ಯೂಟಿಯಲ್ಲಿದ್ದ. ಹೊರಗಿನ ಖೋಲಿಯಲ್ಲಿ ಪೇಪರು ಓದುತ್ತ ಕೂತವನಿಗೆ ಹಾಲು ಸೀದ ವಾಸನೆ ಹೊಡೆಯಿತು. ವೈನಿ ಹೊರಗೆಲ್ಲೋ ಹೋಗಿರಬೇಕು ಎಂದುಕೊಂಡು ಒಳಗೆ ಓಡಿದೆ. ವೈನಿ ಅಲ್ಲಿಯೇ, ಒಲೆಗೆ ಬೆನ್ನು ಮಾಡಿ ನಿಂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ಹಿಂದೆ ಪಾತ್ರೆ ಕರ್ರಗಾಗಿತ್ತು.

ನಾನು ಗ್ಯಾಸು ಆರಿಸಿದೆ. ಅವರು ಪಾತ್ರೆ ನೋಡಿದರು, ನನ್ನನ್ನು ನೋಡಿದರು, ಸ್ಟೂಲಿನ ಮೇಲೆ ಕೂತರು.

"ಎಲ್ಲರದೂ ತಿರುಗಿ ಬಂತ್ರಿ. ನಂದೇ ಬರಲಿಲ್ಲ."

"ಅಣ್ಣಗ ಗೊತ್ತದೇನ್ರಿ?"

"ಗೊತ್ತಿರ್ಬೇಕು. ಈಗ ಸಾರು ಹ್ಯಾಂಗಾದ್ರೂ ಛಲೋ ಆಗ್ಯಾದ ಅಂತಾರ. ಮೊದಲ ಒಂದಿನಾನೂ ಅಂದವರಲ್ಲ."

ನನಗೆ ನಗುವೂ ಬಂತು, ಸಂಕಟವೂ ಆಯಿತು. ನಾಲಿಗೆಗೆ ಉಪ್ಪು ಹುಳಿ ತಿಳಿಯುತ್ತದಲ್ಲ ಎಂದು ಕೇಳಿದೆ. ತಿಳಿಯುತ್ತದೆ ಎಂದರು. ಹಾಗಾದರೆ ರುಚಿ ನೋಡಿಯೇ ಮಾಡಿ, ದೇವರಿಗೆ ಬೇಕಾದರೆ ಮೊದಲೇ ಒಂದು ಹಣ್ಣೋ ಬೆಲ್ಲದ ತುಂಡೋ ಇಟ್ಟುಬಿಡಿ ಎಂದು ನನ್ನ ಬ್ಯಾಂಕಿನ ಬುದ್ಧಿ ಓಡಿಸಿದೆ.

"ನಾವು ಹೋಳಿಗಿ ಉಣ್ಣಾದು, ಅವಗ ಬೆಲ್ಲದ ತುಣುಕ ತೋರ್ಸಾದು. ಅದು ಮೋಸ ಆಗ್ತದ್ರಿ" ಎಂದರು.

ಅಣ್ಣನಿಗೆ ಹೇಳದೆ ಉಪಾಯವಿರಲಿಲ್ಲ; ವೈನಿಯೇ ಹೇಳಿದರು. ಅವನು ಒಳ್ಳೆಯ ಮನಸ್ಸಿನಿಂದಲೇ ಒಂದು ತೀರ್ಮಾನ ಮಾಡಿದ. ಮನೆಯವರಿಗಾದರೆ ಹೇಗೋ ನಡೆಯುತ್ತದೆ, ಬಂದುಹೋಗುವವರಿಗೆ ಅಡುಗೆ ಮಾಡಲು ಒಬ್ಬಳು ಬಾಯಿಯನ್ನು, ಎಂದರೆ ಕೆಲಸದ ಹೆಂಗಸನ್ನು, ಗೊತ್ತು ಮಾಡೋಣ ಎಂದ. ಅವನ ಲೆಕ್ಕದಲ್ಲಿ ಇದು ಹೆಂಡತಿಗೆ ವಿಶ್ರಾಂತಿ. ವೈನಿ ಅವನೊಂದಿಗೆ ಮಾತು ಬಿಟ್ಟರು. ನನಗೆ ಫೋನು ಮಾಡಿ ಹೇಳಿದ್ದು ಇಷ್ಟು: "ಬಂದವರು ನನ್ನ ಕೈಯಾಂದು ಉಣ್ಣದೇ ಹೋಗೋದಾದ್ರ, ಈ ಮನ್ಯಾಗ ನಾ ಯಾತಕ್ಕರಿ?"

ಅಷ್ಟರಲ್ಲಿ ಕಾಶಮ್ಮತ್ತಿ ಬರುವ ಸುದ್ದಿ ಬಂತು. ಕಾಶಮ್ಮತ್ತಿ ನಮ್ಮ ಅಪ್ಪನ ಅಕ್ಕ. ಮದುವೆ ಮನೆಯಲ್ಲಿ ಕೂತಲ್ಲಿಂದಲೇ ಇಡೀ ಪಂಕ್ತಿಯ ಅಡುಗೆಯ ತೀರ್ಪು ಕೊಡುವ ಹೆಣ್ಣುಮಗಳು. ಆಕೆಯ ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಬೀದರ ಮುಟ್ಟುತ್ತದೆ. ಶಿವರಾತ್ರಿಯ ಗದ್ದಲ ಮುಗಿಯಲಿ, ಆಮೇಲೆ ವೇರೂಳಕ್ಕೆ ಬರುತ್ತೇನೆ ಎಂದಿದ್ದಳು. ಅಣ್ಣ ಹೆದರಿದ. ಅತ್ತಿಯ ಊಟ ಸರಿಹೋದರೆ ಅಡುಗೆಯ ಬಾಯಿಯ ಮಾತು ಎತ್ತುವುದಿಲ್ಲ, ಸರಿಹೋಗದಿದ್ದರೆ ಮರುದಿನದಿಂದಲೇ ಬಾಯಿ ಬರುತ್ತಾಳೆ ಎಂದ. ವೈನಿ ಒಪ್ಪಿದರು. ನನ್ನನ್ನೂ ಬರಲು ಹೇಳಿದರು.

ಹೋಗುವಾಗ ಒಂದು ಪೆಟ್ಟಿಗೆ ದ್ರಾಕ್ಷಿ, ಒಂದು ಡಬ್ಬಿ ಚೀಸು ಒಯ್ದೆ. ನಾಶಿಕದಿಂದ ರೈಲಿನಲ್ಲಿ ಹೋದರೆ ಮನ್ಮಾಡ್‌ಗಿಂತ ಮೊದಲು ಲಾಸಲಗಾಂವ್ ಬರುತ್ತದೆ. ಕಣ್ಣು ಮುಚ್ಚಿಕೊಂಡಿದ್ದರೂ ಆ ಊರು ಬಂದದ್ದು ತಿಳಿಯುತ್ತದೆ. ಕಿಟಕಿಯಿಂದ ಅಲ್ಲಿಯ ದೊಡ್ಡ ಮಾರುಕಟ್ಟೆಯ ಉಳ್ಳಾಗಡ್ಡಿ ವಾಸನೆ ಒಳಗೆ ಬರುತ್ತದೆ. ಅಷ್ಟು ವರ್ಷ ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ ನಾನು ಅವತ್ತು ಮುಚ್ಚಿಕೊಳ್ಳಲಿಲ್ಲ.

ಟೋಸ್ಟು ಮಾಡಿ ತೋರಿಸಿದೆ. ಪಾರ್ಟಿಯಲ್ಲಿ ತಿಂದದ್ದನ್ನು ನನಗೆ ತಿಳಿದಂತೆ ಮಾಡಿದ್ದು, ಮೊದಲನೆಯದು ಕಪ್ಪಾಯಿತು. ವೈನಿ ನನ್ನ ಕೈಯಿಂದ ಮಗುಚುವ ಸಟ್ಟುಗ ತೆಗೆದುಕೊಂಡು ಉರಿ ಸಣ್ಣ ಮಾಡಿದರು. ಎರಡನೆಯದು ಅವರದು. ಬ್ರೆಡ್ಡಿನ ಅಂಚು ಕೆಂಪಾಗುವುದನ್ನು, ಚೀಸಿನ ಮೂಲೆ ಇಳಿಯುವುದನ್ನು ಬಗ್ಗಿ ನೋಡಿದರು. ಉಪ್ಪು ಚೀಸಿನಲ್ಲಿಯೇ ಇದೆ, ಸಿಹಿ ದ್ರಾಕ್ಷಿಯಲ್ಲಿಯೇ ಇದೆ, ಹಾಕುವ ಕೆಲಸವಿಲ್ಲ ಎಂದೆ.

"ಇದರಾಗ ಎಲ್ಲಾ ಕಣ್ಣಿಗಿ ಕಾಣ್ತದ" ಎಂದರು. ಎಷ್ಟೋ ದಿನಗಳ ಮೇಲೆ ಅವರ ಮುಖ ಸಡಿಲವಾದದ್ದು ನೋಡಿದೆ.

ಕಾಶಮ್ಮತ್ತಿ ದರ್ಶನ ಮುಗಿಸಿ ಮಧ್ಯಾಹ್ನ ಬಂದಳು. ತಟ್ಟೆ ಮುಂದಿಟ್ಟರೆ, "ಇದೇನು, ಸಾಬೂನಿನ ಮ್ಯಾಲ ದ್ರಾಕ್ಷಿ ಇಟ್ಟೀರಿ?" ಎಂದು ಕೇಳಿದಳು. ಒಂದು ತಿಂದಳು. ಸುಮ್ಮನೆ ಇನ್ನೊಂದು ಎತ್ತಿಕೊಂಡಳು. ವೈನಿ "ತಗೋರಿ ಅತ್ತಿ, ಇನ್ನೊಂದು ತಗೋರಿ" ಎಂದು ಹಾಕುತ್ತಲೇ ಹೋದರು. ನಮ್ಮ ಕಡೆ ಒತ್ತಾಯ ಮಾಡಿ ಬಡಿಸುವುದು ಪದ್ಧತಿ. ಆದರೆ ಅವತ್ತಿನ ಒತ್ತಾಯದಲ್ಲಿ, ಅತ್ತಿಯ ಹೊಟ್ಟೆ ಇದರಲ್ಲಿಯೇ ತುಂಬಿಹೋದರೆ ಸಾರಿನ ತನಕ ಬರುವುದಿಲ್ಲ ಎಂಬ ಆಸೆಯೂ ಇತ್ತು. ಹಸಿವು ಹೆಚ್ಚಿಸಲು ಕಂಡುಹಿಡಿದ ತಿಂಡಿಯನ್ನು ಹಸಿವು ಕೊಲ್ಲಲು ಬಳಸಿದವರು ನಾವೇ ಇರಬೇಕು.

ಆದರೆ ಕಾಶಮ್ಮತ್ತಿಯ ಹೊಟ್ಟೆಯ ಅಂದಾಜು ನಮಗಿರಲಿಲ್ಲ. ಊಟಕ್ಕೂ ಕೂತಳು. ಅನ್ನದ ಮೇಲೆ ಸಾರು ಬಿತ್ತು. ಒಂದು ತುತ್ತು ಬಾಯಿಗಿಟ್ಟವಳು ಕೈ ನಿಲ್ಲಿಸಿದಳು. ನಾನೂ ಇಟ್ಟೆ. ಹೆಚ್ಚಾದೀತೆಂಬ ಹೆದರಿಕೆಯಲ್ಲಿ ವೈನಿ ಉಪ್ಪು ಹಾಕಿಯೇ ಇರಲಿಲ್ಲ. ಅಣ್ಣ ತಡಮಾಡದೆ, "ನನಗ ಬಿ.ಪಿ. ಅದ ಅತ್ತಿ, ಡಾಕ್ಟರ್ ಉಪ್ಪು ಬಿಡು ಅಂದಾರ" ಎಂದುಬಿಟ್ಟ. ಅವನಿಗೆ ಇವತ್ತಿಗೂ ಬಿ.ಪಿ. ಇಲ್ಲ.

ವೈನಿ ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬಂದರು. "ಅವರು ಸುಳ್ಳು ಹೇಳ್ಲತ್ತಾರ್ರಿ ಅತ್ತಿ. ನನಗ ವಾಸನಿ ಬರಂಗಿಲ್ಲ, ಜ್ವರ ಬಂದಾಗಿಂದ. ಉಪ್ಪಿನ ಬಟ್ಟಲ ಇಲ್ಲೇ ಅದ, ಹಾಕ್ಕೋರಿ" ಎಂದು ಬಟ್ಟಲು ಮುಂದಿಟ್ಟರು.

ಅತ್ತಿ ಉಪ್ಪು ಹಾಕಿಕೊಂಡಳು. ಕಲಸಿದಳು. ಉಂಡು ಮುಗಿಸಿದಳು. ಆಮೇಲೆ, "ನಂದು ಕಣ್ಣು ಹೋಗ್ಯಾವ, ಮೊಳಕಾಲು ಹೋಗ್ಯಾವ, ಮೂಗು ಇನ್ನಾ ಛಲೋ ಅದ. ನಾಳಿಗಿ ಸಾರು ಮಾಡಾಗ ನನಗ ಕರಿ" ಎಂದಳು. ಏಳುತ್ತ, "ಆ ದ್ರಾಕ್ಷಿದು ಉಳದಿದ್ರ ಎರಡು ತಾ" ಎಂದಳು.

ಅಡುಗೆಯ ಬಾಯಿಯ ಮಾತನ್ನು ಅಣ್ಣ ಮತ್ತೆ ಎತ್ತಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಬಂದವರಿಗೆ ಮೊದಲು ಟೋಸ್ಟು; ತಿಂದಾದ ಮೇಲೆ ಒಬ್ಬೊಬ್ಬರಾಗಿ ಒಳಗೆ ಬಂದು ಸಾರಿನ ಮೇಲೆ ಬಾಗಿ ಹೇಳಬೇಕು. ನೆಂಟರಿಗೂ ಇದು ಹಿಡಿಸಿದೆ. ಒಬ್ಬರು ಉಪ್ಪು ಸಾಕು ಎನ್ನುತ್ತಾರೆ, ಇನ್ನೊಬ್ಬರು ಬೇಕು ಎನ್ನುತ್ತಾರೆ, ಚರ್ಚೆ ಮುಗಿಯುವುದರಲ್ಲಿ ಸಾರು ಆರುತ್ತದೆ. ವೈನಿ ನಗುತ್ತಾರೆ. ಆದರೆ ಎಲ್ಲರೂ ಹೊರಗೆ ಹೋದ ಮೇಲೆ ಪಾತ್ರೆಯನ್ನು ನೋಡುತ್ತ ಒಂದು ಗಳಿಗೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ಮಾಡುವ ಕೈ ತಮ್ಮದು, ಆಯಿತು ಎನ್ನುವ ಮಾತು ಮಾತ್ರ ಬೇರೆಯವರದು. ಅದು ಅವರಿಗೆ ಒಗ್ಗಲೇ ಇಲ್ಲ.

ದ್ರಾಕ್ಷಿ ಸೀಳುತ್ತ ಇಷ್ಟೆಲ್ಲ ನೆನಪಾಯಿತು. ಇವತ್ತು ಅಣ್ಣ, ವೈನಿ ಇಬ್ಬರೂ ತ್ರ್ಯಂಬಕಕ್ಕೆಂದು ಬರುವವರಿದ್ದರು; ಸಂಜೆಯ ಹೊತ್ತಿಗೆ ಬಂದು ಮುಟ್ಟಿದರು. ವೈನಿ ಕೈಕಾಲು ತೊಳೆದು ಅಡುಗೆಮನೆಗೆ ಬಂದಾಗ ನಾನು ತವೆಯ ಮುಂದೆ, ಮಗಳು ಸಾರಿನ ಮುಂದೆ. ಮಗಳ ಮುಖ ಇಳಿದಿತ್ತು.

"ಕಾಕೂ, ಮೀಠ ಸರಿ ಅದಾ ಅಂತ ಸಮಜತ ಇಲ್ಲ" ಎಂದಳು. ಮೀಠ ಎಂದರೆ ಅವಳ ಮರಾಠಿಯ ಉಪ್ಪು.

"ರುಚಿ ನೋಡಿದ್ಯೇನು?"

"ಇಲ್ಲ ನಾ. ನೀವ ಹೇಳ್ತೀರಿ, ಆಧೀ ದೇವರಿಗೆ, ಆಮೇಲೆ ನಮಗೆ. ಅದಕ್ಕೆ ವಾಸ ತಗೊಂಡು ನೋಡಿದೆ. ಕಾಹೀ ತಿಳೀತ ಇಲ್ಲ."

ನನ್ನನ್ನು ಕರೆದರು. ಬಾಗಿ ಎಳೆದುಕೊಂಡೆ. ಸಾರಿಗೆ ಸಾರಿನ ವಾಸನೆ ಇತ್ತು. ಅದಕ್ಕಿಂತ ಹೆಚ್ಚು ನನ್ನ ಮೂಗು ಏನೂ ಹೇಳಲಿಲ್ಲ. ಅಣ್ಣ ಸ್ನಾನಕ್ಕೆ ಹೋಗಿದ್ದ. ಕೆಳಗೆ ಶಾಖೆಯವರ ಗಾಡಿ ನಿಂತ ಸದ್ದಾಯಿತು. ಮೊದಲ ಸಲ ಹತ್ತು ಜನರಿಗೆ ಅಡುಗೆ ಮಾಡಿದ ಹುಡುಗಿ ಸೌಟು ಹಿಡಿದು ವೈನಿಯ ಮುಖವನ್ನೇ ನೋಡುತ್ತಿದ್ದಳು.

ವೈನಿ ಸೌಟು ತೆಗೆದುಕೊಂಡರು. ಸ್ವಲ್ಪ ಸಾರು ಎತ್ತಿ ಊದಿ, ಬಲ ಅಂಗೈಗೆ ಹನಿಸಿಕೊಂಡು, ನಾಲಿಗೆಗೆ ಹಚ್ಚಿದರು. ನಾನು ಅವರನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಕಾಣದ್ದನ್ನು ಕಂಡೆ.

"ಅರ್ಧಾ ಚಮಚಾ ಬೇಕು" ಎಂದರು, ಯಾರನ್ನೂ ಕೇಳದೆ.

"ಕಾಕೂ, ಮತ್ತ ದೇವರಿಗೆ?"

ವೈನಿ ನನ್ನ ತಟ್ಟೆಯ ಕಡೆ ತಿರುಗಿದರು. ಇರುವುದರಲ್ಲಿ ಚೆನ್ನಾಗಿ ಕೆಂಪಾಗಿದ್ದ ಒಂದು ಟೋಸ್ಟನ್ನು ಆರಿಸಿ ಸಣ್ಣ ತಾಟಿನಲ್ಲಿಟ್ಟುಕೊಂಡು, "ಇದು ಯಾರೂ ಮುಟ್ಟಿಲ್ಲ. ಅವಗ ಇದೇ ಇಡಮು" ಎಂದು ದೇವರ ಜಗಲಿಯ ಮುಂದೆ ಇಟ್ಟರು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ಕೈಮುಗಿದು ನಿಂತರು. ಏನು ಹೇಳಿಕೊಂಡರೋ ನಾನು ಕೇಳಲಿಲ್ಲ.

ತಿರುಗಿ ಬರುವಷ್ಟರಲ್ಲಿ ಮಗಳು ಅರ್ಧ ಚಮಚ ಹಾಕಿ ಕದಡಿದ್ದಳು. ವೈನಿ ಇನ್ನೊಮ್ಮೆ ಅಂಗೈ ಚಾಚಿದರು.