ಹೋದ ವರ್ಷದ ಕೆಮ್ಮು

ಕೆಮ್ಮು ಬಂದಾಗಲೆಲ್ಲ ಅವರು ಬಲ ಅಂಗೈಯನ್ನು ಮೇಜಿನ ಪತ್ರಿಕೆಗಳ ಮೇಲೆ ಒತ್ತಿಟ್ಟು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಮೊದಲು ಎರಡು ಸಣ್ಣ ಕೆಮ್ಮು, ಆಮೇಲೊಂದು ಉದ್ದದ್ದು. ಅದು ಮುಗಿಯುವ ಹೊತ್ತಿಗೆ ಹಣೆಯ ಮೂರು ವಿಭೂತಿ ಗೆರೆಗಳೂ ಸುಕ್ಕಿನಲ್ಲಿ ಸೇರಿ ಒಂದಾಗಿರುತ್ತಿದ್ದವು. ಇಷ್ಟೆಲ್ಲ ನೆನಪಿರುವುದಕ್ಕೆ ಭಕ್ತಿ ಕಾರಣವಲ್ಲ. ಊಟವಾದ ಮೇಲೆ ಹಾಸ್ಟೆಲಿನ ಹುಡುಗರ ಮುಂದೆ ನಾನು ಆ ಕೆಮ್ಮನ್ನು ಮಾಡಿ ತೋರಿಸುತ್ತಿದ್ದೆ. ವಾರ್ಡನ್ನರ ನಡಿಗೆ, ಅಡಿಗೆಯವರ ಸೀನು, ಹುಡುಗಿಯರನ್ನು ಕಂಡರೆ ಕೀರಲಾಗುವ ನನ್ನದೇ ದನಿ, ಇವೆಲ್ಲಕ್ಕಿಂತ ಅದಕ್ಕೇ ಚಪ್ಪಾಳೆ ಹೆಚ್ಚು.

ಹಾಸನದ ಒಂದು ಸಣ್ಣ ವಾಚನಾಲಯ ನೋಡಿಕೊಳ್ಳುತ್ತಿದ್ದ ಅವರನ್ನು ಊರೆಲ್ಲ ಅಯ್ನೋರು ಎನ್ನುತ್ತಿತ್ತು. ಎರಡನೆಯ ಮಹಾಯುದ್ಧದ ದಿನಗಳು. ವಿಜ್ಞಾನದ ಮೇಷ್ಟ್ರು ನನಗೆ ಕ್ಷಯರೋಗದ ಮೇಲೆ ಪ್ರಬಂಧ ಬರೆಯಲು ಹೇಳಿ, ಪ್ರತಿ ಮಾತಿಗೂ ಆಧಾರ ಕೊಡಬೇಕೆಂದು ಕಟ್ಟುಮಾಡಿದ್ದರು. ನಾನು ಪಂಚಾಂಗದ ಹಿಂಬದಿಯಲ್ಲಿದ್ದ ಲೇಹ್ಯದ ಜಾಹೀರಾತನ್ನು ಕತ್ತರಿಸಿಕೊಂಡು ಅಯ್ನೋರ ಮುಂದೆ ಹಿಡಿದೆ.

"ಇದು ಮಾರೋನ್ ಯೋಳಿದ್ದು ಕಣಪ್ಪ. ತಿಂದೋನ್ ಏನಂದ?"

"ಅವನ ವಿಳಾಸ ಕೊಟ್ಟಿಲ್ಲ ಅಯ್ನೋರೆ."

"ಅವ್ನು ಇದ್ರೆ ತಾನೆ ಕೊಡೋದು!"

ಕಾಗದಕ್ಕೆ ಬರವಿದ್ದುದರಿಂದ ಅವರು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿಕೊಟ್ಟರು. ಪ್ರತಿ ಚೀಟಿಯ ಬೆನ್ನಿಗೆ ನಾಲ್ಕು ಸಾಲು: ಯಾರು ಹೇಳಿದ್ದು, ಯಾರನ್ನು ನೋಡಿ ಹೇಳಿದ್ದು, ಯಾವಾಗ, ರೋಗಿ ವಾಸಿಯಾದನೇ. ಒಂದು ಮಗ್ಗುಲಲ್ಲಿ ಚಿರಂಜೀವಿ, ಸೌಭಾಗ್ಯವತಿ. ಇನ್ನೊಂದು ಮಗ್ಗುಲಲ್ಲಿ ರಕ್ತ ಕಾರುವ ವಿಚಾರ.

ಅವರು ಬರೆದುಕೊಟ್ಟ ಪರಿಚಯದ ಕಾಗದ ಹಿಡಿದು ನಾನು ಊರೂರಿನ ಡಾಕ್ಟರರ ಮನೆ ಸುತ್ತಿದೆ. ಅರಕಲಗೂಡಿನಲ್ಲೂ ಚನ್ನರಾಯಪಟ್ಟಣದಲ್ಲೂ ಸಿಕ್ಕಿದ್ದು ಅದೇ ಮಾತು: ಹಾಲು, ಮೊಟ್ಟೆ, ಗಾಳಿ, ವಿಶ್ರಾಂತಿ. ಹೊಳೆನರಸೀಪುರದ ನಿವೃತ್ತ ಡಾಕ್ಟರರ ದಪ್ಪ ಪುಸ್ತಕದಲ್ಲಿ ಕ್ಷಯದ ಪುಟಗಳನ್ನೇ ಯಾರೋ ಬ್ಲೇಡಿನಿಂದ ಕೊಯ್ದುಕೊಂಡಿದ್ದರು. ಬಸ್ಸಿನ ಧೂಳು ಕುಡಿದು ಬರಿಗೈಲಿ ಬಂದ ನಾನು ಆ ಕಳ್ಳನನ್ನು ಬಾಯಿಗೆ ಬಂದಂತೆ ಬೈದೆ. ಪುಟದ ಮೂಲೆ ಮಡಿಸಿದರೇ ಕೆರಳುತ್ತಿದ್ದ ಅಯ್ನೋರು ಅಂದು ಮೆಲ್ಲಗೆ, "ಬೈಬ್ಯಾಡ ಕಣ. ಅವ್ರ ಮನೇಲಿ ಯಾರ್ ಮಲಗಿದ್ರೋ" ಎಂದರು.

ಚೀಟಿ ತಂದಾಗಲೆಲ್ಲ ಅವರು ಮೊದಲು ನೋಡುತ್ತಿದ್ದುದು ನಾಲ್ಕನೆಯ ಸಾಲನ್ನು. ಅದು ಯಾವಾಗಲೂ ಖಾಲಿ. "ವಾಸಿಯಾಯ್ತು ಅಂತ ಒಬ್ರೂ ಬರ್ದಿಲ್ವಾ? ಒಬ್ರೇ ಒಬ್ರು?"

"ಪ್ರಬಂಧ ನಂದೋ ನಿಮ್ದೋ ಅಯ್ನೋರೆ?" ಎಂದು ನಾನು ಹಲ್ಲು ಕಿಸಿದೆ. ಅವರೂ ನಕ್ಕರು. ನಗು ಕೆಮ್ಮಿಗೆ ತಿರುಗಿತು. ಬಾಯಿ ಒರೆಸಿದ ವಸ್ತ್ರವನ್ನು ಅವರು ಒಳಮಗ್ಗುಲಿಗೆ ಮಡಿಸಿದರು. ಮಡಿಸುವಷ್ಟರಲ್ಲಿ ಕೆಂಪು ನನ್ನ ಕಣ್ಣಿಗೆ ಬಿತ್ತು. ಅಂದು ಹಾಸ್ಟೆಲಿನಲ್ಲಿ ತಲೆನೋವೆಂದು ಹೇಳಿ ಬೇಗ ಮಲಗಿದೆ.

ಒಂದು ಮಧ್ಯಾಹ್ನ ವಾಚನಾಲಯದಲ್ಲಿ ಬೇರೆ ಯಾರೂ ಇರಲಿಲ್ಲ.

"ಏನ್ಲಾ, ಹಾಸ್ಟ್ಲಲ್ಲಿ ನನ್ ಕೆಮ್ಮು ಮಾಡಿ ತೋರುಸ್ತೀಯಂತೆ?"

"ಇಲ್ಲ ಅಯ್ನೋರೆ! ಯಾರ್ ಹೇಳಿದ್ದು?"

"ಯಾರ್ನ ನೋಡಿ ಯೋಳಿದ್ರು ಅಂತಾನೂ ಕೇಳ್ಬುಡು." ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಮಾಡು. ಮೊದ್ಲು ಹೋದ ವರ್ಷದ್ದು."

ಅಂಗೈಯನ್ನು ಪತ್ರಿಕೆಗಳ ಮೇಲಿಟ್ಟು ಮಾಡಿದೆ. ಎರಡು ಸಣ್ಣವು, ಒಂದು ಉದ್ದದ್ದು.

"ಸರಿಯಾಗೈತೆ. ಈಗ, ಈ ತಿಂಗ್ಳಿಂದು."

ಆ ತಿಂಗಳ ಕೆಮ್ಮನ್ನು ನಾನು ಯಾರ ಮುಂದೆಯೂ ಮಾಡಿರಲಿಲ್ಲ. ಆದರೂ ಬಾಯಿ ತೆರೆದೊಡನೆ ಅದು ತಾನಾಗಿ ಬಂತು. ಸಣ್ಣ ಕೆಮ್ಮು ಎರಡೂ ಮಾಯವಾಗಿದ್ದವು. ಉದ್ದದ್ದು ನಡುವೆಯೇ ಒಡೆದು, ಕೊನೆಗೆ ಸಿಳ್ಳಿನಂಥ ಉಸಿರು. ಮೇಜಿನ ಅಂಚು ಹಿಡಿಯದೆ ನಿಲ್ಲಲಾಗಲಿಲ್ಲ, ಅವರಿಗೂ ಹಾಗೇ ಆಗುತ್ತಿತ್ತು. ಅರ್ಧಕ್ಕೇ ನಿಲ್ಲಿಸಿದೆ.

ಅವರು ಮೇಜಿನ ಖಾನೆ ಎಳೆದರು. "ತೋರಿಸ್ಕೊಂಡ್ ಕಡೆಯೆಲ್ಲ ಬರೀ ಗೂರಲು, ಕ್ಷಯ ಅಲ್ಲ ಅಂದ್ರು. ನಂಗೂ ಅದೇ ಬೇಕಾಗಿತ್ತು. ನೀನೊಬ್ನು ಇದ್ದದ್ನ ಇದ್ದಂಗೆ ಯೋಳ್ಬುಟ್ಟೆ." ಒಂದು ಚೀಟಿಯನ್ನು ನನ್ನತ್ತ ತಳ್ಳಿದರು. "ಬರ್ಕೊ. ಇದು ಒಳ್ಳೇ ಆಧಾರ."

"ಬೇಡ ಅಯ್ನೋರೆ."

"ಬರ್ಕೊ ಅಂದ್ನಲ್ಲ."

ಯಾರು ಹೇಳಿದ್ದು: ನಾನು. ಯಾರನ್ನು ನೋಡಿ: ಅಯ್ನೋರನ್ನು. ಮೂರನೆಯ ಸಾಲಿನಲ್ಲಿ ಅವರೇ ತಮ್ಮ ಸೊಟ್ಟ ಅಕ್ಷರದಲ್ಲಿ ಅಂದಿನ ತಾರೀಖು ಹಾಕಿದರು.

ಯುಗಾದಿಗೆ ಮೊದಲೇ ಅಯ್ನೋರು ತೀರಿಹೋದರು. ಅವರು ಕುಡಿಯುತ್ತಿದ್ದ ಲೋಟವನ್ನು ಯಾರೋ ಹಿತ್ತಲಿಗೆ ಎಸೆದಿದ್ದರು. ಪತ್ರಿಕೆಗಳ ಮೇಲೆ, ಹಾರದಂತೆ, ಒಂದು ಕಲ್ಲು ಕುಳಿತಿತ್ತು.

ಪ್ರಬಂಧ ಒಪ್ಪಿಸಿದೆ. ಕೊನೆಯ ಚೀಟಿಯ ಮೇಲೆ ಮೇಷ್ಟ್ರು ಕೆಂಪು ಶಾಯಿಯಲ್ಲಿ, "ಇದು ಆಧಾರವಲ್ಲ. ಪುಸ್ತಕದ ಹೆಸರೇನು? ಪುಟ ಯಾವುದು?" ಎಂದು ಬರೆದು ಅಡ್ಡಗೆರೆ ಎಳೆದರು. ನಾನು ಚೀಟಿಗಳನ್ನೆಲ್ಲ ಬಿಡಿಸಿ ಇಟ್ಟುಕೊಂಡೆ. ಹಾಸ್ಟೆಲಿನ ಹುಡುಗರು ಆಮೇಲೂ ಆ ಕೆಮ್ಮು ಕೇಳುತ್ತಿದ್ದರು; ಮೇಷ್ಟ್ರ ದನಿ ಬೇಕಾದರೆ ಮಾಡುತ್ತಿದ್ದೆ, ಅದನ್ನು ಮಾತ್ರ ಮಾಡಲಿಲ್ಲ.

ಮಿಕ್ಕ ಚೀಟಿಗಳ ನಾಲ್ಕನೆಯ ಸಾಲು ಇವತ್ತಿಗೂ ಖಾಲಿ ಇದೆ. ಅವರದ್ದನ್ನು ಮಾತ್ರ, ಪ್ರಬಂಧ ಒಪ್ಪಿಸುವ ಮುಂಚೆ, ನಾನೇ ತುಂಬಿದ್ದೆ. ವಾಸಿಯಾದನೇ ಎಂಬುದನ್ನು ಹೊಡೆದು ವಾಸಿಯಾದರೇ ಎಂದು ತಿದ್ದಿ, ಮುಂದೆ ಬರೆದೆ: ಇಲ್ಲ.