ಬರೆದವರ ಹೆಸರು

ಹಾಡುವ ಮೊದಲು ಬರೆದವರ ಹೆಸರು ಹೇಳಬೇಕು. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘಕ್ಕೆ ನಾನೇ ಹಟ ಹಿಡಿದು ಹಾಕಿಸಿದ ನಿಯಮವಿದು. ಯಾರೂ ಪಾಲಿಸಲಿಲ್ಲ.

ಅಲ್ಲೇ ಹತ್ತಿರದ ವಿಠ್ಠಲವಾಡಿಯಲ್ಲಿ ಮಗಳ ಮನೆಯಲ್ಲಿದ್ದ, ನಾವೆಲ್ಲ ಮಾಸ್ತರರೆಂದು ಕರೆಯುವ ಹಿರಿಯರೊಬ್ಬರು ಯೌವನದಲ್ಲಿ ನಾಟಕ ಕಂಪನಿಗೆ ಹಾಡು ಬರೆದವರು. ಹ್ಯಾಂಡ್‌ಬಿಲ್ಲಿನಲ್ಲಿ ಮಾಲೀಕರ ಹೆಸರು, ಗ್ರಾಮಫೋನ್ ಪ್ಲೇಟಿನ ಮೇಲೆ ಹಾಡಿದವರ ಹೆಸರು. ಇವರ ಹೆಸರು ಎಲ್ಲಿಯೂ ಇಲ್ಲ. ಇಂದಿಗೂ ಜನ ಗುನುಗುವ ಆ ಕಂಪನಿಯ ಒಂದು ಹಾಡು ಇವರದೇ ಎಂದು ನಂಬಿ ಸನ್ಮಾನ ಇಟ್ಟುಕೊಂಡೆವು. ಅವರ ಬದುಕಿನ ಮೊದಲ ಸನ್ಮಾನ ಅದು.

ಸನ್ಮಾನದ ದಿನ ಗಾಯಕಿ ಆ ಹಾಡನ್ನು ಬರೆದವರ ಹೆಸರು ಹೇಳದೆಯೇ ಹಾಡಿ ಮುಗಿಸಿದರು. ನಾನು ವೇದಿಕೆಯಲ್ಲೇ ಆಕ್ಷೇಪಿಸಿದೆ.

"ಬರೆದವರು ಇಲ್ಲೇ ಕೂತಿದ್ದಾರಲ್ಲ ಮಾರಾಯ್ರೆ," ಎಂದು ನಮ್ಮ ಅಧ್ಯಕ್ಷರು, ಉಡುಪಿ ಕಡೆಯ ಹೋಟೆಲಿನವರು, ಮಾಸ್ತರರಿಗೆ ಹೊದಿಸಲು ಶಾಲಿನ ಮಡಿಕೆ ಬಿಚ್ಚಿದರು.

ಮಾಸ್ತರರು ಕೈ ಅಡ್ಡ ಹಿಡಿದರು. "ಇದು ನಂದಲ್ರೀ. ನನ್ನ ಜೋಡಿ ಕಂಪನ್ಯಾಗಿದ್ದ ಭೀಮಪ್ಪ ಬರದದ್ದು. ನನ್ನ ಹಾಡು ಬ್ಯಾರೆ, ಅವು ಯಾರಿಗೂ ನೆನಪಿಲ್ಲ."

"ಅವರು ಈಗ ಇದ್ದಾರಾ?" ಅಧ್ಯಕ್ಷರು ಕೇಳಿದರು.

"ಇಲ್ಲ."

"ಹಾಗಾದ್ರೆ ತೊಂದ್ರೆ ಎಂತದು? ಹೊದ್ದುಕೊಳ್ಳಿ."

ಮಾಸ್ತರರು ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟರು. ಮೈಕಿನ ಮುಂದೆ ನಿಂತು ಭೀಮಪ್ಪನ ಹೆಸರು, ಅವನ ತಂದೆಯ ಹೆಸರು, ಊರಿನ ಹೆಸರು ಹೇಳಿ, ಹಾಡನ್ನು ಮೊದಲಿನಿಂದ ತಾವೇ ಎತ್ತಿಕೊಂಡರು.